ಕರುಳಿನ ವಿಷ, ಮೊಸರಿನ ಮದ್ದು: ಮೆಚ್ನಿಕಾಫ್ ಎಲ್ಲಿ ಸರಿ, ಎಲ್ಲಿ ತಪ್ಪು?

ಮನೆಯಲ್ಲಿ ಒಬ್ಬರಿಗೆ ಲಿವರ್ ಸಿರೋಸಿಸ್ ಇದೆ ಎಂದು ಡಾಕ್ಟರು ಹೇಳಿದ ಮರುದಿನದಿಂದಲೇ ಸಲಹೆಗಳು ಬರಲು ಶುರುವಾಗುತ್ತವೆ. ನಮ್ಮ ಕಮಠಾಣ, ಭಾಲ್ಕಿ, ಔರಾದ ಕಡೆ ಹೆಚ್ಚಾಗಿ ಕಿವಿಗೆ ಬೀಳುವುದು ಎರಡು. ಬೇಳೆ, ಕಾಳು, ಮೊಟ್ಟೆ ಎಲ್ಲ ಬಂದ್ ಮಾಡಬೇಕು, ಅವು ಲಿವರ್‌ಗೆ ಭಾರ ಎಂಬುದು ಒಂದು. ಮಜ್ಜಿಗೆ ಎಷ್ಟು ಕುಡಿಸಿದರೂ ಒಳ್ಳೆಯದು, ಹೊಟ್ಟೆಯೊಳಗಿನ ವಿಷ ತೊಳೆದು ಹೋಗುತ್ತದೆ ಎಂಬುದು ಇನ್ನೊಂದು. ಈಚೆಗೆ ಮೂರನೆಯದೂ ಸೇರಿಕೊಂಡಿದೆ: ಮೆಡಿಕಲ್ ಅಂಗಡಿಯಲ್ಲಿ ಸಿಗುವ ಪ್ರೋಬಯಾಟಿಕ್ ಪುಡಿ ತಂದು ಕೊಟ್ಟರೆ ಸಾಕಂತೆ.

ಹೊಟ್ಟೆಯೊಳಗೆ ವಿಷ ಹುಟ್ಟುತ್ತದೆ, ಹುಳಿ ಹಾಲು ಅದನ್ನು ತಡೆಯುತ್ತದೆ ಎಂಬ ಮಾತನ್ನು ಆಧುನಿಕ ವಿಜ್ಞಾನದ ಭಾಷೆಯಲ್ಲಿ ಜಗತ್ತಿಗೆಲ್ಲ ಸಾರಿದವರು ಒಬ್ಬ ನೊಬೆಲ್ ವಿಜ್ಞಾನಿ. ಹೆಸರು ಇಲ್ಯಾ ಮೆಚ್ನಿಕಾಫ್. ಅವರು ತೀರಿಕೊಂಡು ನೂರು ವರ್ಷ ದಾಟಿದೆ. ಅವರ ಆ ಸಿದ್ಧಾಂತ ಆರೋಗ್ಯವಂತರ ವಿಷಯದಲ್ಲಿ ಬಿದ್ದುಹೋಯಿತು. ಆದರೆ ಲಿವರ್ ಗಟ್ಟಿಯಾದವರ ವಿಷಯದಲ್ಲಿ, ಅವರು ಊಹಿಸಿರದ ರೀತಿಯಲ್ಲಿ, ಅರ್ಧ ನಿಜವಾಯಿತು. ಯಾವ ಅರ್ಧ ಎಂದು ಗೊತ್ತಿಲ್ಲದಿದ್ದರೆ ರೋಗಿಯ ತಟ್ಟೆಯಿಂದ ತೆಗೆಯಬಾರದ್ದನ್ನು ತೆಗೆದುಬಿಡುತ್ತೇವೆ.

ಗುಲಾಬಿಯ ಮುಳ್ಳು

ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಈಗಿನ ಉಕ್ರೇನಿನ ಖಾರ್ಕಿವ್ ಹತ್ತಿರದ ಇವಾನೊವ್ಕಾ ಎಂಬ ಹಳ್ಳಿಯಲ್ಲಿ. ಆಗ ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ತಂದೆ ಸೈನ್ಯದ ಅಧಿಕಾರಿ, ತಾಯಿ ಯಹೂದಿ ಮೂಲದ ಲೇಖಕರೊಬ್ಬರ ಮಗಳು. ಐದು ಮಕ್ಕಳಲ್ಲಿ ಇವರೇ ಕೊನೆಯವರು. ಖಾರ್ಕಿವ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿದರು. ಅಲ್ಲಿಂದ ಜರ್ಮನಿ, ಇಟಲಿ, ಆಮೇಲೆ ಒಡೆಸ್ಸಾದಲ್ಲಿ ಪ್ರಾಧ್ಯಾಪಕ ಹುದ್ದೆ. ಕೆಲಸವೆಲ್ಲ ಸಮುದ್ರದ ಸಣ್ಣಪುಟ್ಟ ಜೀವಿಗಳ ಮೇಲೆ. ಮನುಷ್ಯರ ಕಾಯಿಲೆಗೂ ಅವರಿಗೂ ಆಗ ಸಂಬಂಧವೇ ಇರಲಿಲ್ಲ, ಅವರು ಡಾಕ್ಟರರೂ ಅಲ್ಲ.

ಮನೆಯ ಬದುಕು ಮಾತ್ರ ಸುಖವಾಗಿರಲಿಲ್ಲ. 1869ರಲ್ಲಿ ಮದುವೆಯಾದ ಲುದ್ಮಿಲಾಗೆ ಆಗಲೇ ಕ್ಷಯ ಇತ್ತು. ಚರ್ಚಿಗೆ ನಡೆದು ಬರುವಷ್ಟು ಶಕ್ತಿ ಇಲ್ಲದೆ ಮದುಮಗಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ಹವಾ ಬದಲಾದರೆ ಬದುಕಿಯಾಳೆಂದು ಊರೂರು ತಿರುಗಿಸಿದರೂ 1873ರಲ್ಲಿ ಮದೀರಾ ದ್ವೀಪದಲ್ಲಿ ಆಕೆ ತೀರಿಕೊಂಡಳು. ಆ ದುಃಖದಲ್ಲಿ ಮೆಚ್ನಿಕಾಫ್ ಸಾವಿನ ಅಂಚಿಗೆ ಹೋಗಿ ಬಂದರು. ಎರಡು ವರ್ಷದ ಬಳಿಕ ಓಲ್ಗಾ ಎಂಬ ವಿದ್ಯಾರ್ಥಿನಿಯನ್ನು ಮದುವೆಯಾದರು. 1880ರಲ್ಲಿ ಓಲ್ಗಾಗೂ ಟೈಫಾಯ್ಡ್ ಬಂದು ಸಾಯುವಂತಾಗಿ ಉಳಿದಳು. ಮುಂದೆ ಗಂಡನ ಜೀವನಚರಿತ್ರೆ ಬರೆದವಳು ಆಕೆಯೇ. ಮುಪ್ಪು, ಕಾಯಿಲೆ, ಸಾವು ಇವುಗಳ ಮೇಲೆ ಈ ಮನುಷ್ಯನಿಗೆ ಮುಂದೆ ಬಂದ ಹಟವನ್ನು ನೋಡುವಾಗ ಈ ವರ್ಷಗಳನ್ನು ಮರೆಯಬಾರದು ಎಂದು ನನಗನ್ನಿಸುತ್ತದೆ.

1881ರಲ್ಲಿ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಕೊಲೆಯಾಯಿತು. ವಿಶ್ವವಿದ್ಯಾಲಯದಲ್ಲಿ ರಾಜಕೀಯ ಕಾವೇರಿತು. ಮರುವರ್ಷ ಮೆಚ್ನಿಕಾಫ್ ಕೆಲಸ ಬಿಟ್ಟು, ಓಲ್ಗಾ ಮತ್ತು ಅವಳ ತಮ್ಮ ತಂಗಿಯರನ್ನು ಕರೆದುಕೊಂಡು ಸಿಸಿಲಿಯ ಮೆಸ್ಸಿನಾಗೆ ಹೋದರು. ಅಲ್ಲಿ ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ, ಒಬ್ಬರೇ ಕೂತು ಸೂಕ್ಷ್ಮದರ್ಶಕದಲ್ಲಿ ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದರು. ಗಾಜಿನಂತೆ ಪಾರದರ್ಶಕ ಮರಿಗಳು. ಒಳಗೆ ಕೆಲವು ಜೀವಕೋಶಗಳು ತಾವಾಗಿಯೇ ಹರಿದಾಡುತ್ತಿದ್ದವು. ಇವು ಹೊರಗಿನಿಂದ ನುಗ್ಗಿದ್ದನ್ನು ತಿಂದುಹಾಕುವ ಕಾವಲುಗಾರರು ಯಾಕಾಗಿರಬಾರದು ಎಂಬ ಯೋಚನೆ ಬಂತು. ತೋಟಕ್ಕೆ ಹೋಗಿ ಗುಲಾಬಿ ಗಿಡದ ಮುಳ್ಳು ಕಿತ್ತು ತಂದು ಮರಿಗಳ ಮೈಗೆ ಚುಚ್ಚಿದರು. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಆ ಕೋಶಗಳು ಮುತ್ತಿಕೊಂಡಿದ್ದವು.

ಈ ನುಂಗುವ ಕೋಶಗಳಿಗೆ ಫ್ಯಾಗೊಸೈಟ್ ಎಂದು ಹೆಸರಾಯಿತು. ನಮ್ಮ ರಕ್ತದ ಬಿಳಿಕಣಗಳಲ್ಲಿ ಹಲವು ಇದೇ ಜಾತಿಯವು. ಗಾಯವಾದ ಜಾಗದಲ್ಲಿ ಕೀವು ಕಟ್ಟುವುದು ಕೆಟ್ಟದ್ದರ ಗುರುತಷ್ಟೇ ಎಂದು ಡಾಕ್ಟರರು ತಿಳಿದಿದ್ದ ಕಾಲ ಅದು. ಅಲ್ಲೊಂದು ಕಾಳಗ ನಡೆಯುತ್ತಿದೆ ಎಂದು ತೋರಿಸಿದವರು ಮೆಚ್ನಿಕಾಫ್. ಈ ಫ್ಯಾಗೊಸೈಟನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಿ, ಲಿವರ್ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಪ್ಯಾರಿಸ್, ಮತ್ತು ಹುಬ್ಬಳ್ಳಿಯವರೆಗೆ ಬಂದ ಒಂದು ಎಳೆ

ಒಡೆಸ್ಸಾಗೆ ಮರಳಿ ಲಸಿಕೆ ಕೇಂದ್ರವೊಂದನ್ನು ನಡೆಸಿದರು, ಜಗಳಗಳಾದವು, ಬಿಟ್ಟರು. 1888ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ತಮ್ಮ ಹೊಸ ಸಂಸ್ಥೆಯಲ್ಲಿ ಜಾಗ ಕೊಟ್ಟರು. ಸಾಯುವ ತನಕ ಮೆಚ್ನಿಕಾಫ್ ಅಲ್ಲೇ ಉಳಿದರು.

ಒಡೆಸ್ಸಾದಲ್ಲಿ ಅವರ ಕೈಯಲ್ಲಿ ಕಲಿತ ಒಬ್ಬ ವಿದ್ಯಾರ್ಥಿ ಹಿಂದೆಯೇ ಪ್ಯಾರಿಸ್‌ಗೆ ಬಂದ. ಮೊದಲು ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಅವನೇ ವಾಲ್ಡೆಮಾರ್ ಹಾಫ್‌ಕಿನ್. ಕಾಲರಾ ಲಸಿಕೆ ಮಾಡಿ 1893ರಲ್ಲಿ ಭಾರತಕ್ಕೆ ಬಂದ, 1897ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿದ. 1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗ್ ಹೊಡೆದಾಗ ಸಾವಿರಾರು ಜನರಿಗೆ ಚುಚ್ಚಿದ್ದು ಈ ಲಸಿಕೆಯನ್ನೇ. ಮೆಚ್ನಿಕಾಫ್ ಭಾರತಕ್ಕೆ ಬರಲಿಲ್ಲ, ಆದರೆ ಅವರ ಪಾಠದ ಒಂದು ಎಳೆ ಕನ್ನಡ ನಾಡಿನ ತೋಳಿಗೆ ತಾಗಿದೆ.

ಫ್ಯಾಗೊಸೈಟ್ ಸಿದ್ಧಾಂತವನ್ನು ಜರ್ಮನ್ ವಿಜ್ಞಾನಿಗಳು ವರ್ಷಗಟ್ಟಲೆ ವಿರೋಧಿಸಿದರು. ರೋಗ ತಡೆಯುವುದು ರಕ್ತದ ದ್ರವದಲ್ಲಿರುವ ವಸ್ತುಗಳು, ಕೋಶಗಳಲ್ಲ ಎಂಬುದು ಅವರ ವಾದ. ಕೊನೆಗೆ ಎರಡೂ ಸರಿ ಎಂದಾಯಿತು. 1908ರ ವೈದ್ಯಕೀಯ ನೊಬೆಲ್ ಬಹುಮಾನವನ್ನು ಮೆಚ್ನಿಕಾಫ್ ಮತ್ತು ಎದುರು ಬಣದ ಪಾಲ್ ಎರ್ಲಿಕ್ ಹಂಚಿಕೊಂಡರು.

ದೊಡ್ಡ ಕರುಳಿನ ಮೇಲಿನ ಸಿಟ್ಟು

ಬಹುಮಾನ ಬರುವ ಹೊತ್ತಿಗೆ ಅವರ ತಲೆಯಲ್ಲಿ ಬೇರೆಯದೇ ತುಂಬಿತ್ತು. ಮನುಷ್ಯ ಯಾಕೆ ಮುದುಕನಾಗುತ್ತಾನೆ? ಅವರ ಉತ್ತರ: ದೊಡ್ಡ ಕರುಳಿನಿಂದ. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಕೂತು ಆಹಾರದ ಉಳಿಕೆಯನ್ನು, ಮುಖ್ಯವಾಗಿ ಪ್ರೋಟೀನನ್ನು ಕೊಳೆಸುತ್ತವೆ. ಹಾಗೆ ಕೊಳೆತಾಗ ಹುಟ್ಟುವ ಇಂಡೋಲ್, ಫಿನಾಲ್ ಮುಂತಾದ ವಿಷಗಳು ರಕ್ತಕ್ಕೆ ಸೇರಿ ರಕ್ತನಾಳಗಳನ್ನೂ ಅಂಗಗಳನ್ನೂ ಗಡಸು ಮಾಡುತ್ತವೆ. ದೊಡ್ಡ ಕರುಳು ನಮಗೆ ಬೇಕಾಗಿಯೇ ಇಲ್ಲ, ಹಿಂದೊಮ್ಮೆ ಪ್ರಾಣಿಗಳು ಶತ್ರುಗಳಿಂದ ಓಡುವಾಗ ಮಲವಿಸರ್ಜನೆಗೆ ನಿಲ್ಲದಿರಲು ಬೆಳೆದುಕೊಂಡ ಚೀಲ ಅದು ಎಂದೂ ವಾದಿಸಿದರು.

ಹಾಗಾದರೆ ಪರಿಹಾರ? ಹಾಲು ಹುಳಿಯಾದರೆ ಕೊಳೆಯುವುದಿಲ್ಲ ಎಂಬುದು ಹಳ್ಳಿಯ ಯಾವ ಅಜ್ಜಿಗೂ ಗೊತ್ತು. ಹಾಲಿನ ಸಕ್ಕರೆಯನ್ನು ತಿಂದು ಆಮ್ಲ ಮಾಡುವ ಬ್ಯಾಕ್ಟೀರಿಯಾ, ಕೊಳೆಸುವ ಬ್ಯಾಕ್ಟೀರಿಯಾವನ್ನು ಬೆಳೆಯಲು ಬಿಡುವುದಿಲ್ಲ. ಮಡಕೆಯಲ್ಲಿ ನಡೆಯುವುದು ಹೊಟ್ಟೆಯಲ್ಲೂ ನಡೆಯಬಾರದೇಕೆ? ಅದೇ ಕಾಲಕ್ಕೆ ಪಾಶ್ಚರ್ ಸಂಸ್ಥೆಯಲ್ಲೇ ಹೆನ್ರಿ ಟಿಸಿಯೆ ಎಂಬವರು ಎದೆಹಾಲು ಕುಡಿಯುವ ಕೂಸುಗಳ ಮಲದಲ್ಲಿ ಕವಲೊಡೆದ ಆಕಾರದ ಬ್ಯಾಕ್ಟೀರಿಯಾ ಕಂಡಿದ್ದರು, ಈಗ ಅದನ್ನು ಬೈಫಿಡೊಬ್ಯಾಕ್ಟೀರಿಯಂ ಎನ್ನುತ್ತೇವೆ. 1905ರಲ್ಲಿ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ತನ್ನ ನಾಡಿನ ಮೊಸರಿನಿಂದ ಕೋಲಿನಾಕಾರದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಬಲ್ಗೇರಿಯಾದಲ್ಲಿ ನೂರು ದಾಟಿದ ರೈತರು ಬಹಳ ಎಂಬ ಸುದ್ದಿಯೂ ಸೇರಿಕೊಂಡಿತು. ಹುಟ್ಟಿದ ದಿನಾಂಕ ಬರೆದಿಡುವ ವ್ಯವಸ್ಥೆಯೇ ಸರಿಯಾಗಿಲ್ಲದ ಕಡೆ ಶತಾಯುಷಿಗಳು ಹೆಚ್ಚು ಸಿಗುತ್ತಾರೆ ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಮಾತು. ಆಗ ಅದನ್ನು ಯಾರೂ ತೂಗಿ ನೋಡಲಿಲ್ಲ.

1904ರಲ್ಲಿ ಪ್ಯಾರಿಸ್‌ನಲ್ಲಿ ಮುಪ್ಪಿನ ಬಗ್ಗೆ ಅವರು ಮಾಡಿದ ಭಾಷಣ ಪತ್ರಿಕೆಗಳಲ್ಲಿ ಹಬ್ಬಿತು. 1907ರಲ್ಲಿ ಆಯುಸ್ಸು ಹೆಚ್ಚಿಸುವ ಕುರಿತ ಪುಸ್ತಕ ಬಂತು. ಯುರೋಪಿನ ಪೇಟೆಗಳಲ್ಲಿ ಹುಳಿ ಹಾಲು, ಬ್ಯಾಕ್ಟೀರಿಯಾ ಪುಡಿ, ಮಾತ್ರೆಗಳ ವ್ಯಾಪಾರ ಏರಿತು. ಪ್ಯಾರಿಸ್‌ನ ಒಂದು ಕಂಪನಿ ಅವರ ಹೆಸರನ್ನೇ ಬಳಸಿಕೊಂಡಿತು. ಅದರಿಂದ ಅವರಿಗೆ ದುಡ್ಡು ಬರಲಿಲ್ಲ, ಅಪವಾದ ಬಂತು ಎಂದು ಓಲ್ಗಾ ಬರೆದಿದ್ದಾಳೆ. ಲಂಡನ್‌ನಲ್ಲಿ ಆರ್ಬತ್‌ನಾಟ್ ಲೇನ್ ಎಂಬ ಸರ್ಜನ್ ಮಲಬದ್ಧತೆಯವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುವಷ್ಟು ದೂರ ಹೋದರು. ದೊಡ್ಡ ವಿಜ್ಞಾನಿ ಆಡಿದ ಅರೆಬೆಂದ ಮಾತು ಎಲ್ಲಿಗೆ ಮುಟ್ಟುತ್ತದೆ ನೋಡಿ.

ಆರೋಗ್ಯವಂತನ ಕರುಳಿನಲ್ಲಿ ಹುಟ್ಟುವ ಇಂಥ ವಸ್ತುಗಳಲ್ಲಿ ಬಹುಪಾಲನ್ನು ಲಿವರ್ ಸೋಸಿ, ಬದಲಿಸಿ, ಮೂತ್ರದಲ್ಲಿ ಹೋಗುವಂತೆ ಮಾಡುತ್ತದೆ. ಕರುಳಿನ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ, ಪೋರ್ಟಲ್ ಎಂಬ ದೊಡ್ಡ ಅಭಿಧಮನಿಯಲ್ಲಿ ಮೊದಲು ಲಿವರ್‌ಗೆ ಹೋಗುತ್ತದೆ. ಊರ ಅಗಸಿಯಲ್ಲಿ ಕೂತ ಕಾವಲಿನವನ ಹಾಗೆ ಲಿವರ್ ಇದೆ. ಆ ಕಾವಲಿನವನಿಗೆ ಏನಾದರೂ ಆದರೆ? ಈ ಪ್ರಶ್ನೆಗೆ ಉತ್ತರ ಬಂದದ್ದು ಪ್ಯಾರಿಸ್‌ನಿಂದಲ್ಲ, ಮೆಚ್ನಿಕಾಫ್ ಬಿಟ್ಟುಬಂದ ರಷ್ಯಾದಿಂದ.

ಪೀಟರ್ಸ್‌ಬರ್ಗಿನ ನಾಯಿಗಳು

1877ರಲ್ಲಿ ನಿಕೊಲಾಯ್ ಎಕ್ ಎಂಬ ಸರ್ಜನ್ ನಾಯಿಯ ಪೋರ್ಟಲ್ ಅಭಿಧಮನಿಯನ್ನು ಲಿವರ್ ತಪ್ಪಿಸಿ ನೇರ ದೊಡ್ಡ ರಕ್ತನಾಳಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆ ಮಾಡಿದ್ದರು. 1893ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇವಾನ್ ಪಾವ್ಲೋವ್, ಮಾರ್ಸೆಲಿ ನೆನ್ಸ್ಕಿ ಮತ್ತು ಜೊತೆಗಾರರು ಅದನ್ನೇ ಮತ್ತೆ ಮಾಡಿ ನಾಯಿಗಳನ್ನು ಗಮನಿಸಿದರು. ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿಗಳ ಕಥೆಯಿಂದ ನಮಗೆ ಪರಿಚಯವಿರುವ ಅದೇ ಪಾವ್ಲೋವ್. ಲಿವರ್ ತಪ್ಪಿಸಿದ ನಾಯಿಗಳಿಗೆ ಮಾಂಸ ತಿನ್ನಿಸಿದರೆ ಅವು ತೂರಾಡಿದವು, ಕೆರಳಿದವು, ಮಂಕಾದವು, ಕೆಲವು ಎಚ್ಚರ ತಪ್ಪಿದವು. ಅಮೋನಿಯಾ ಮತ್ತು ಅದರ ಸಂಬಂಧಿ ವಸ್ತುಗಳ ಮೇಲೆ ಅವರ ಸಂಶಯ ಬಿತ್ತು.

ಲಿವರ್ ಸಿರೋಸಿಸ್‌ನಲ್ಲಿ ಮನುಷ್ಯರಿಗೆ ಆಗುವುದು ಇದಕ್ಕೆ ಬಹಳ ಹತ್ತಿರ. ವರ್ಷಗಟ್ಟಲೆ ಹೆಂಡ, ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಕೊಬ್ಬು ತುಂಬಿದ ಲಿವರ್, ಹೀಗೆ ಯಾವ ಕಾರಣದಿಂದಲಾದರೂ ಲಿವರ್‌ಗೆ ಗಾಯವಾಗಿ ಮಾಯ್ದು, ಮತ್ತೆ ಗಾಯವಾಗಿ ಕೊನೆಗೆ ಕಲೆಗಟ್ಟಿ ಗಂಟುಗಂಟಾಗುತ್ತದೆ. ರಕ್ತ ಅದರೊಳಗೆ ಸರಾಗ ಹರಿಯದೆ ಅಡ್ಡದಾರಿ ಹಿಡಿಯುತ್ತದೆ. ಎಕ್ ಚಾಕು ಹಿಡಿದು ಮಾಡಿದ್ದನ್ನು ರೋಗ ತಾನೇ ಮಾಡುತ್ತದೆ. ಕರುಳಿನ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಮಾಡುವ ಅಮೋನಿಯಾ, ಕರುಳಿನ ಗೋಡೆಯೇ ಹುಟ್ಟಿಸುವ ಅಮೋನಿಯಾ, ಎಲ್ಲ ಸೋಸದೆ ಮಿದುಳಿಗೆ ಮುಟ್ಟುತ್ತದೆ. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ. ಅಂಗಡಿಯ ಲೆಕ್ಕ ತಪ್ಪುತ್ತದೆ. ಚಾಚಿದ ಕೈ ಹಕ್ಕಿಯ ರೆಕ್ಕೆಯ ಹಾಗೆ ಪಟಪಟ ಬೀಳುತ್ತದೆ. ಮನೆಯವರ ಹೆಸರು ಮರೆಯುತ್ತದೆ. ಕುಡಿದಿದ್ದಾನೆ ಎಂದೋ ಗಾಳಿ ಸೋಕಿದೆ ಎಂದೋ ಮನೆಯವರು ತಿಳಿದುಬಿಡುವುದುಂಟು. ಇದರ ಹೆಸರು ಹೆಪಾಟಿಕ್ ಎನ್‌ಸೆಫಲೋಪತಿ. ಇಂಥ ಲಕ್ಷಣ ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಫ್ಯಾಗೊಸೈಟ್ ಈಗ ಬರುತ್ತದೆ. ಲಿವರ್‌ನ ಒಳಗೆ ಕುಪ್ಫರ್ ಕೋಶಗಳೆಂಬ ನುಂಗುವ ಕೋಶಗಳಿವೆ, ಕರುಳಿನಿಂದ ತಪ್ಪಿಸಿಕೊಂಡು ಬಂದ ಬ್ಯಾಕ್ಟೀರಿಯಾವನ್ನು ಅಲ್ಲೇ ಹಿಡಿದು ತಿನ್ನುವುದು ಅವುಗಳ ಕೆಲಸ. ಸಿರೋಸಿಸ್‌ನಲ್ಲಿ ರಕ್ತ ಅವುಗಳನ್ನೂ ತಪ್ಪಿಸಿ ಹೋಗುತ್ತದೆ. ಜೊತೆಗೆ ಕರುಳಿನ ಗೋಡೆ ಸಡಿಲವಾಗುತ್ತದೆ, ಪಿತ್ತರಸ ಕಡಿಮೆಯಾಗಿ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪುತ್ತದೆ. 2014ರಲ್ಲಿ ಚೀನಾದ ಸಂಶೋಧಕರು ಸಿರೋಸಿಸ್ ರೋಗಿಗಳ ಕರುಳಿನಲ್ಲಿ ಬಾಯಿಯಲ್ಲಿ ಇರಬೇಕಾದ ಬ್ಯಾಕ್ಟೀರಿಯಾಗಳು ಬಂದು ನೆಲೆಸಿದ್ದನ್ನು ಕಂಡರು. ಹೊಟ್ಟೆಯಲ್ಲಿ ತುಂಬಿದ ನೀರಿಗೆ ಸೋಂಕು ತಗಲುವುದಕ್ಕೂ ಕರುಳಿನ ಬ್ಯಾಕ್ಟೀರಿಯಾವೇ ಮುಖ್ಯ ಕಾರಣ. ಯೌವನದಲ್ಲಿ ಕಂಡ ನುಂಗುವ ಕೋಶ, ಮುಪ್ಪಿನಲ್ಲಿ ಹಟ ಹಿಡಿದ ಕರುಳಿನ ವಿಷ, ಮೆಚ್ನಿಕಾಫ್ ಅವರ ಎರಡು ಹುಡುಕಾಟಗಳೂ ಒಂದೇ ಅಂಗದಲ್ಲಿ ಕೂಡುತ್ತವೆ. ಅವರು ಹುಡುಕಿದ್ದು ಮಾತ್ರ ದೊಡ್ಡ ಕರುಳಿನಲ್ಲಿ.

ಕೊನೆಯ ವರ್ಷಗಳು

ಐವತ್ತು ದಾಟಿದ ಮೇಲೆ ಅವರು ತಮ್ಮ ಸಿದ್ಧಾಂತದಂತೆಯೇ ಬದುಕಿದರು. ದಿನವೂ ಹುಳಿ ಹಾಲು. ಹಸಿಯಾದದ್ದು ಏನೂ ಬಾಯಿಗೆ ಹಾಕುತ್ತಿರಲಿಲ್ಲ. ಹೆಂಡ, ಹೊಗೆ ಎರಡೂ ಇಲ್ಲ. 1909ರಲ್ಲಿ ರಷ್ಯಾಗೆ ಹೋದಾಗ ಟಾಲ್‌ಸ್ಟಾಯ್ ಅವರನ್ನು ಅವರ ಊರಿನಲ್ಲೇ ಕಂಡು ಬಂದರು. ಸಾವಿಗೆ ಧರ್ಮದಲ್ಲಿ ಉತ್ತರ ಹುಡುಕಿದವರೊಬ್ಬರು, ಪ್ರಯೋಗಾಲಯದಲ್ಲಿ ಹುಡುಕಿದವರೊಬ್ಬರು.

ಮೊದಲ ಮಹಾಯುದ್ಧ ಪಾಶ್ಚರ್ ಸಂಸ್ಥೆಯನ್ನು ಖಾಲಿ ಮಾಡಿತು. ಹುಡುಗರು ಯುದ್ಧಕ್ಕೆ ಹೋದರು. ಮೆಚ್ನಿಕಾಫ್ ಅವರ ಹೃದಯ ಸೋಲುತ್ತಾ ಬಂತು. ಅವರ ಮನೆತನದಲ್ಲಿ ಹೃದಯದ ಕಾಯಿಲೆ ಮೊದಲಿನಿಂದ ಇತ್ತು. ತಾನು ಸತ್ತ ಮೇಲೆ ದೇಹ ಬಿಡಿಸಿ ಕರುಳನ್ನು ಚೆನ್ನಾಗಿ ನೋಡಬೇಕೆಂದು ಜೊತೆಯ ವೈದ್ಯರಿಗೆ ಹೇಳಿಟ್ಟಿದ್ದರು. 1916ರ ಜುಲೈನಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡರು. ನೂರು ವರ್ಷ ಬದುಕುವ ದಾರಿ ಹೇಳಿದವರು ಎಪ್ಪತ್ತೊಂದಕ್ಕೆ ಹೋದರು ಎಂದು ನಕ್ಕವರಿದ್ದಾರೆ. ಆ ನಗು ನನಗೆ ಹಿಡಿಸುವುದಿಲ್ಲ. ಒಬ್ಬರ ಆಯುಸ್ಸಿನಿಂದ ಸಿದ್ಧಾಂತ ನಿಲ್ಲುವುದೂ ಇಲ್ಲ, ಬೀಳುವುದೂ ಇಲ್ಲ. ಅವರ ಅಸ್ಥಿಯನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇಡಲಾಗಿದೆ.

ಅವರ ನಂತರ ಏನು ಉಳಿಯಿತು?

1921ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೆಟ್ಗರ್ ಮತ್ತು ಚೆಪ್ಲಿನ್ ಪರೀಕ್ಷೆ ಮಾಡಿ, ಬಲ್ಗೇರಿಯಾದ ಆ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ಬೇರೂರುವುದೇ ಇಲ್ಲ ಎಂದು ತೋರಿಸಿದರು. ಸಿದ್ಧಾಂತಕ್ಕೆ ಅದು ದೊಡ್ಡ ಪೆಟ್ಟು. ಆದರೆ 1952ರಲ್ಲಿ ಬಾಸ್ಟನ್‌ನ ವೈದ್ಯರು ಸಿರೋಸಿಸ್‌ನವರ ಹೊಟ್ಟೆಯ ನೀರು ಇಳಿಸಲು ಅಮೋನಿಯಂ ಇರುವ ಒಂದು ಔಷಧ ಕೊಟ್ಟಾಗ ಕೆಲವರಿಗೆ ಮತಿ ಮಂಕಾಯಿತು. ಪಾವ್ಲೋವ್‌ನ ನಾಯಿಗಳು ಮತ್ತೆ ನೆನಪಾದವು. 1954ರಲ್ಲಿ ಲಂಡನ್‌ನ ಶೀಲಾ ಶೆರ್ಲಾಕ್ ಮತ್ತು ಸಂಗಡಿಗರು ಲಿವರ್ ತಪ್ಪಿಸಿ ಹರಿಯುವ ರಕ್ತಕ್ಕೂ ಮಿದುಳಿನ ಈ ತೊಂದರೆಗೂ ಇರುವ ನಂಟನ್ನು ಬಿಡಿಸಿ ಬರೆದರು.

1966ರಲ್ಲಿ ಲ್ಯಾಕ್ಟುಲೋಸ್ ಬಂತು. ಇವತ್ತಿಗೂ ಎನ್‌ಸೆಫಲೋಪತಿಗೆ ಮೊದಲು ಬರೆಯುವ ಔಷಧ ಇದೇ, ಆ ಸಿಹಿಯಾದ ಸಿರಪ್. ಇದನ್ನು ಮಾಡುವುದು ಹಾಲಿನ ಸಕ್ಕರೆಯಿಂದ. ಆದರೆ ಹಾಲಿನ ಸಕ್ಕರೆಯ ಹಾಗೆ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿನವರೆಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಆಮ್ಲ ಮಾಡುತ್ತವೆ. ಆಮ್ಲದಲ್ಲಿ ಅಮೋನಿಯಾ ರೂಪ ಬದಲಿಸಿ ರಕ್ತಕ್ಕೆ ಹೋಗದೆ ಸಿಕ್ಕಿಕೊಂಡು ಮಲದ ಜೊತೆ ಹೊರಗೆ ಬೀಳುತ್ತದೆ. ದೊಡ್ಡ ಕರುಳನ್ನು ಹುಳಿ ಮಾಡಬೇಕು ಎಂಬ ಮೆಚ್ನಿಕಾಫ್ ಹಂಬಲ ಹೀಗೆ ಸಿರಪ್ ಬಾಟಲಿಯಲ್ಲಿ ನಿಜವಾಯಿತು, ಮೊಸರಿನ ಗಡಿಗೆಯಲ್ಲಲ್ಲ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಂತೆ ಇದರ ಪ್ರಮಾಣ ಹೊಂದಿಸುತ್ತಾರೆ. ಭೇದಿ ಆಗುತ್ತಿದೆ ಎಂದು ಮನೆಯವರೇ ನಿಲ್ಲಿಸಿಬಿಡುವುದು ಸಾಮಾನ್ಯ, ಅಪಾಯವೂ ಹೌದು. ಮಿತಿ ಮೀರಿದರೆ ಡಾಕ್ಟರರಿಗೆ ಹೇಳಿ ಕಡಿಮೆ ಮಾಡಿಸಬೇಕು.

ಇನ್ನು ಪ್ರೋಬಯಾಟಿಕ್. ಭಾರತದಲ್ಲೇ ಒಳ್ಳೆಯ ಪರೀಕ್ಷೆಗಳು ನಡೆದಿವೆ. ಚಂಡೀಗಢದ ಪಿಜಿಐ ಆಸ್ಪತ್ರೆಯವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಮ್ಮೆ ಎನ್‌ಸೆಫಲೋಪತಿಯಿಂದ ಚೇತರಿಸಿಕೊಂಡ 130 ಸಿರೋಸಿಸ್ ರೋಗಿಗಳಿದ್ದರು. 66 ಮಂದಿಗೆ ಆರು ತಿಂಗಳು ಪ್ರೋಬಯಾಟಿಕ್ ಪುಡಿ, 64 ಮಂದಿಗೆ ಅದರಂತೆಯೇ ಕಾಣುವ ಬರೀ ಪುಡಿ. ಈ ತೊಂದರೆಗಾಗಿ ಆಸ್ಪತ್ರೆ ಸೇರಿದವರು ಮೊದಲ ಗುಂಪಿನಲ್ಲಿ ಶೇ 19.7, ಎರಡನೆಯದರಲ್ಲಿ ಶೇ 42.2. ಗಮನಿಸಬೇಕಾದ ವ್ಯತ್ಯಾಸ. ಆದರೆ ಒಟ್ಟಾರೆ ಮತ್ತೆ ಎನ್‌ಸೆಫಲೋಪತಿ ಬಂದವರ ಲೆಕ್ಕದಲ್ಲಿ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. 2017ರಲ್ಲಿ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಇಂಥ 21 ಪರೀಕ್ಷೆಗಳನ್ನು, ಒಟ್ಟು 1,420 ರೋಗಿಗಳನ್ನು, ಒಟ್ಟಿಗೆ ಇಟ್ಟು ತೂಗಿತು. ಏನೂ ಕೊಡದೆ ಇರುವುದಕ್ಕಿಂತ ಪ್ರೋಬಯಾಟಿಕ್ ಕೊಟ್ಟರೆ ಚೇತರಿಕೆ ಸ್ವಲ್ಪ ಉತ್ತಮವಾಗಬಹುದು, ರಕ್ತದ ಅಮೋನಿಯಾ ಇಳಿಯಬಹುದು. ಸಾವು ಕಡಿಮೆಯಾಗುತ್ತದೆ ಎನ್ನಲು ಆಧಾರವಿಲ್ಲ. ಲ್ಯಾಕ್ಟುಲೋಸ್‌ಗಿಂತ ಮೇಲು ಎನ್ನಲೂ ಆಧಾರವಿಲ್ಲ. ಅನೇಕ ಪರೀಕ್ಷೆಗಳ ಗುಣಮಟ್ಟವೇ ಸಾಲದು.

ಚಂಡೀಗಢದಲ್ಲಿ ಕೊಟ್ಟ ಪುಡಿಯಲ್ಲಿ ದಿನಕ್ಕೆ 90 ಸಾವಿರ ಕೋಟಿ ಬ್ಯಾಕ್ಟೀರಿಯಾ ಇದ್ದವು, ಅದೂ ಆಯ್ದ ತಳಿಗಳು. ಅಂಗಡಿಯಲ್ಲಿ ಪ್ರೋಬಯಾಟಿಕ್ ಎಂದು ಬರೆದ ಎಲ್ಲ ಪೊಟ್ಟಣಗಳೂ ಅದಲ್ಲ. ಒಂದು ತಳಿ ಮಾಡಿದ ಕೆಲಸವನ್ನು ಇನ್ನೊಂದರ ಹೆಸರಿಗೆ ಬರೆಯಲಾಗದು. ನಮ್ಮ ಮನೆಯ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ ಎಂಬುದು ಮನೆಯಿಂದ ಮನೆಗೆ, ಬೇಸಿಗೆಯಿಂದ ಚಳಿಗಾಲಕ್ಕೆ ಬದಲಾಗುತ್ತದೆ. ರೋಗನಿರೋಧಕ ಶಕ್ತಿ ಬಹಳ ಕುಂದಿದವರಲ್ಲಿ ಪ್ರೋಬಯಾಟಿಕ್ ಬ್ಯಾಕ್ಟೀರಿಯಾವೇ ರಕ್ತಕ್ಕೆ ಇಳಿದ ಪ್ರಕರಣಗಳೂ ಅಪರೂಪಕ್ಕೆ ವರದಿಯಾಗಿವೆ. ಹಾಗಾಗಿ ಬರೆದುಕೊಡಬೇಕಾದವರು ಡಾಕ್ಟರು, ಮೆಡಿಕಲ್ ಅಂಗಡಿಯವರಲ್ಲ.

ತಟ್ಟೆಯಲ್ಲಿ ಏನಿರಬೇಕು

ಹಾಗಂತ ಮೊಸರು, ಮಜ್ಜಿಗೆ ಬೇಡವೇ? ಬೇಕು, ಆಹಾರವಾಗಿ ಬೇಕು. ದೇವಣಿ ಹಸುವಿನ ಹಾಲಿಗೆ ಹೆಪ್ಪು ಹಾಕಿ ಕಡೆದ ಮಜ್ಜಿಗೆ ನಮ್ಮ ಕಡೆಯ ಊಟದಿಂದ ಹೋಗಬೇಕಿಲ್ಲ. ಹಾಲನ್ನು ಮೊದಲು ಚೆನ್ನಾಗಿ ಕಾಯಿಸಿರಬೇಕು, ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್‌ನಂಥ ಸೋಂಕು ಬರುತ್ತದೆ, ಸಿರೋಸಿಸ್ ಇದ್ದವರು ಅದನ್ನು ತಾಳಲಾರರು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಇಡೀ ದಿನಕ್ಕೆ ಉಪ್ಪು ಸುಮಾರು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಮೀರಬಾರದು ಎನ್ನುತ್ತಾರೆ. ಉಪ್ಪು ಹಾಕಿದ ಮಜ್ಜಿಗೆಯನ್ನು ಚೊಂಬುಗಟ್ಟಲೆ ಕುಡಿಸಿದರೆ, ಪಕ್ಕದಲ್ಲಿ ಉಪ್ಪಿನಕಾಯಿಯನ್ನೂ ಇಟ್ಟರೆ, ಆ ಲೆಕ್ಕ ಮಧ್ಯಾಹ್ನದೊಳಗೇ ಮುಗಿಯುತ್ತದೆ.

ಬೇಳೆ ಬಂದ್ ಮಾಡುವ ಸಲಹೆಯ ಬೇರೂ ಪಾವ್ಲೋವ್‌ನ ನಾಯಿಗಳಲ್ಲೇ ಇದೆ. ಮಾಂಸ ತಿಂದು ಮಂಕಾದವು, ಆದ್ದರಿಂದ ಪ್ರೋಟೀನ್ ನಿಲ್ಲಿಸಬೇಕು ಎಂದು ವೈದ್ಯರೇ ದಶಕಗಳ ಕಾಲ ಹೇಳುತ್ತಿದ್ದರು. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಎನ್‌ಸೆಫಲೋಪತಿ ಬಂದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ರೋಟೀನ್ ಇಳಿಸಿ, ಇನ್ನೊಂದಕ್ಕೆ ಸಾಧಾರಣ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಇಳಿಸಿದ್ದರಿಂದ ಏನೂ ಲಾಭವಾಗಲಿಲ್ಲ. ಇದಕ್ಕೆ ಕಾರಣವೂ ಇದೆ: ಲಿವರ್ ಸೋತಾಗ ಅಮೋನಿಯಾವನ್ನು ಹಿಡಿದು ಕಡಿಮೆ ಮಾಡುವ ಕೆಲಸದಲ್ಲಿ ಸ್ನಾಯುಗಳು ಕೈಜೋಡಿಸುತ್ತವೆ. ಬೇಳೆ, ಕಾಳು ಬಿಡಿಸಿದರೆ ಮೊದಲೇ ಸವೆಯುತ್ತಿರುವ ತೋಳು ತೊಡೆ ಇನ್ನೂ ಸವೆಯುತ್ತವೆ, ಅಮೋನಿಯಾ ಏರುತ್ತದೆ. ಈಗಿನ ಮಾರ್ಗದರ್ಶನದ ಪ್ರಕಾರ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವವರಿಗೆ 72ರಿಂದ 90 ಗ್ರಾಂ. ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಇದೆ, ನೂರು ಗ್ರಾಂ ಮೊಸರಿನಲ್ಲಿ ಬರೀ 3 ಗ್ರಾಂ. ಮಜ್ಜಿಗೆ ಅನ್ನದ ಮೇಲೆ ದಿನ ದೂಡಿದರೆ ಈ ಲೆಕ್ಕ ಎಲ್ಲಿಂದ ತುಂಬೀತು?

ಕಾಳು ಮತ್ತು ಹಾಲಿನ ಪ್ರೋಟೀನು ಮಾಂಸದ್ದಕ್ಕಿಂತ ಇಂಥವರಿಗೆ ಹೆಚ್ಚು ಒಗ್ಗುತ್ತದೆ, ಕಾಳಿನ ನಾರೂ ಮಲ ಕಟ್ಟದಂತೆ ನೆರವಾಗುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಉಣ್ಣುವ ಭಜ್ಜಿಯನ್ನು ನೆನೆಸಿಕೊಳ್ಳಿ, ಅದರ ತುಂಬ ಹಸಿ ಕಾಳು, ತರಕಾರಿ. ಪಕ್ಕದಲ್ಲಿ ಜೋಳದ ಅಂಬಲಿ. ಉಪ್ಪು ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಟ್ಟರೆ ಹಬ್ಬದ ಆ ಊಟವೇ ಬಹುಮಟ್ಟಿಗೆ ಸಾಕು. ಶ್ರಾವಣದ ಉಪವಾಸ ಮಾತ್ರ ಇವರಿಗೆ ಬೇಡ. ರಾತ್ರಿಯಿಡೀ ಬರಿ ಹೊಟ್ಟೆ ಇದ್ದರೆ ಸೋತ ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ಇರುವುದಿಲ್ಲ, ದೇಹ ಸ್ನಾಯುವನ್ನೇ ಕರಗಿಸತೊಡಗುತ್ತದೆ. ಮಲಗುವ ಮುಂಚೆ ಒಂದು ಲೋಟ ಹಾಲು, ಜೊತೆಗೆ ಅರ್ಧ ರೊಟ್ಟಿ ಕೊಟ್ಟು ಮಲಗಿಸಿ.